ಹಳೆಯ ಪಿಸಿಯಲ್ಲಿ ಐಆರ್‌ಕ್ಯೂ ಕಾನ್‌ಫ್ಲಿಕ್ಟ್: ಹುಡುಕಿ ಬಗೆಹರಿಸುವ ಸಮಗ್ರ ಮಾರ್ಗದರ್ಶಿ

ಮೌಸ್ ಸರಿಯಾಗಿಯೇ ಓಡಾಡುತ್ತಿರುತ್ತದೆ. ಮೋಡೆಮ್ ಡಯಲ್ ಮಾಡಲು ಶುರು ಮಾಡಿದ ತಕ್ಷಣ ಪಾಯಿಂಟರ್ ಇದ್ದಲ್ಲೇ ನಿಂತುಬಿಡುತ್ತದೆ. ಇನ್ನೊಂದು ಯಂತ್ರದಲ್ಲಿ ಆಟ ಆರಂಭವಾಗುತ್ತಿದ್ದಂತೆ ಸೌಂಡ್ ಕಾರ್ಡ್ ಅರೆ ಸೆಕೆಂಡಿನ ಅದೇ ತುಣುಕನ್ನು ಮತ್ತೆ ಮತ್ತೆ ನುಡಿಸತೊಡಗುತ್ತದೆ. ಮತ್ತೊಂದರಲ್ಲಿ ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಏನೂ ತಕರಾರಿಲ್ಲದೆ ಲೋಡ್ ಆಗುತ್ತದೆ, ಆದರೆ ಒಂದೇ ಒಂದು ಪ್ಯಾಕೆಟ್ ಒಳಗೆ ಬರುವುದಿಲ್ಲ. ಮೂರೂ ಕಡೆ ಕಾರ್ಡ್ ಸುಟ್ಟಿಲ್ಲ, ಕೇಬಲ್ ಸಡಿಲವಾಗಿಲ್ಲ. ಪ್ರೊಸೆಸರಿಗೆ ಹೋಗಬೇಕಾದ ಕರೆ ದಾರಿಯಲ್ಲೇ ಕಳೆದುಹೋಗುತ್ತಿದೆ, ಅಷ್ಟೆ. ಆ ಕರೆ ಹೋಗುವ ಲೈನಿಗೇ ಐಆರ್‌ಕ್ಯೂ (ಇಂಟರಪ್ಟ್ ರಿಕ್ವೆಸ್ಟ್) ಎನ್ನುವುದು. ಎರಡು ಸಾಧನಗಳು ಒಂದೇ ಲೈನಿಗೆ ಬಿದ್ದಾಗ ಆಗುವುದೇ ಐಆರ್‌ಕ್ಯೂ ಕಾನ್‌ಫ್ಲಿಕ್ಟ್, ಅಂದರೆ ತಿಕ್ಕಾಟ.

ಇಂಥ ಯಂತ್ರ ಕೈಗೆ ಬಂದಾಗ ಹೆಚ್ಚಿನವರು ಒಂದು ಕಾರ್ಡಿನ ಜಂಪರ್ (ಪಿನ್ನುಗಳನ್ನು ಜೋಡಿಸಿ ಸೆಟ್ಟಿಂಗ್ ಗೊತ್ತುಮಾಡುವ ಪುಟ್ಟ ತುಂಡು) ಬದಲಿಸಿ ನೋಡುತ್ತಾರೆ. ಆಗದಿದ್ದರೆ ಇನ್ನೊಂದರದ್ದು. ಸ್ವಲ್ಪ ಹೊತ್ತಿನಲ್ಲಿ ಮೊದಲು ಯಾವುದು ಎಲ್ಲಿತ್ತು ಎಂಬುದೇ ಮರೆತುಹೋಗಿರುತ್ತದೆ. ಹಾಗೆ ಮಾಡಬೇಡಿ. ಐಆರ್‌ಕ್ಯೂ ತಿಕ್ಕಾಟ ಬಿಡಿಸುವುದು ಹಂಚಿಕೆಯ ಲೆಕ್ಕ: ಇರುವ ಲೈನುಗಳೆಷ್ಟು, ಬೇಡುವವರು ಯಾರು, ಯಾರಿಗೆ ಆಯ್ಕೆ ಕಡಿಮೆ. ಆಯ್ಕೆ ಕಡಿಮೆ ಇರುವ ಕಾರ್ಡಿಗೆ ಮೊದಲು ಜಾಗ ಕೊಟ್ಟು, ಎಲ್ಲಿಯಾದರೂ ಹೊಂದಿಕೊಳ್ಳುವ ಕಾರ್ಡನ್ನು ಕೊನೆಗೆ ಇಟ್ಟರೆ ಹತ್ತಕ್ಕೆ ಒಂಬತ್ತು ಯಂತ್ರಗಳು ಸರಿಹೋಗುತ್ತವೆ. ಈ ಬರಹದ ಹಂತಗಳೆಲ್ಲ ಆ ಒಂದು ಕ್ರಮದ ಸುತ್ತಲೇ ಇವೆ.

ತಿಕ್ಕಾಟ ಏಕಾಗುತ್ತದೆ

ಕೀಬೋರ್ಡಿನಲ್ಲಿ ಒಂದು ಕೀ ಒತ್ತಿದಾಗ ಅಥವಾ ಡಿಸ್ಕ್ ಓದಿ ಮುಗಿಸಿದಾಗ ಆ ಸಾಧನ ಒಂದು ಲೈನಿನ ಮೇಲೆ ಸಿಗ್ನಲ್ ಎತ್ತುತ್ತದೆ. ಇಂಟರಪ್ಟ್ ಕಂಟ್ರೋಲರ್ ಚಿಪ್ ಅದನ್ನು ನೋಡಿ ಪ್ರೊಸೆಸರಿಗೆ ತಿಳಿಸುತ್ತದೆ, ಪ್ರೊಸೆಸರ್ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಆ ಲೈನಿಗೆ ಗೊತ್ತುಮಾಡಿದ ಡ್ರೈವರನ್ನು ಓಡಿಸುತ್ತದೆ. 1981ರ ಐಬಿಎಂ ಪಿಸಿಯಲ್ಲಿ ಇಂಟೆಲ್ 8259ಎ ಎಂಬ ಒಂದೇ ಕಂಟ್ರೋಲರ್ ಇತ್ತು, ಅದಕ್ಕೆ 0ರಿಂದ 7ರವರೆಗೆ ಎಂಟು ಲೈನುಗಳು. 1984ರ ಪಿಸಿ ಎಟಿಯಲ್ಲಿ ಇನ್ನೊಂದು 8259ಎ ಸೇರಿತು. ಅದನ್ನು ಮೊದಲನೆಯದರ 2ನೇ ಲೈನಿಗೆ ಕಟ್ಟಿದ್ದರಿಂದ ಒಟ್ಟು ಹದಿನಾರರಲ್ಲಿ ಬಳಕೆಗೆ ಉಳಿದದ್ದು ಹದಿನೈದು. ಹತ್ತಿರ ಹತ್ತಿರ ಎರಡು ದಶಕ ಪಿಸಿ ಲೋಕ ಈ ಹದಿನೈದರಲ್ಲೇ ಸಂಸಾರ ಮಾಡಿತು.

ಈ ಕೊರತೆಯನ್ನು ಇನ್ನೂ ಬಿಗಿ ಮಾಡಿದ್ದು ಐಎಸ್‌ಎ ಬಸ್ಸಿನ, ಅಂದರೆ ಕಾರ್ಡುಗಳನ್ನು ಬೋರ್ಡಿಗೆ ಜೋಡಿಸುವ ಹಳೆಯ ಸ್ಲಾಟ್ ವ್ಯವಸ್ಥೆಯ, ಒಂದು ಗುಣ. ಐಎಸ್‌ಎಯಲ್ಲಿ ಕಂಟ್ರೋಲರ್ ಗಮನಿಸುವುದು ಸಿಗ್ನಲ್ ಕೆಳಗಿನಿಂದ ಮೇಲಕ್ಕೆ ಏರುವ ಆ ಕ್ಷಣವನ್ನು ಮಾತ್ರ. 4ನೇ ಲೈನಿನಲ್ಲಿ ಮೌಸ್ ಮತ್ತು ಮೋಡೆಮ್ ಎರಡೂ ಇವೆ ಎಂದುಕೊಳ್ಳಿ. ಮೋಡೆಮ್ ಲೈನನ್ನು ಮೇಲೆತ್ತುತ್ತದೆ. ಅದರ ಕೆಲಸ ಮುಗಿಯುವ ಮೊದಲೇ ಮೌಸ್ ಕೂಡ ಎತ್ತುತ್ತದೆ. ಲೈನ್ ಆಗಲೇ ಮೇಲಿದೆ, ಹೊಸ ಏರಿಕೆ ಕಾಣುವುದಿಲ್ಲ. ಮೋಡೆಮ್ ಡ್ರೈವರ್ ತನ್ನ ಕೆಲಸ ಮುಗಿಸಿ ಹೊರಟುಹೋಗುತ್ತದೆ, ಮೌಸ್ ಮಾತ್ರ ಲೈನನ್ನು ಹಿಡಿದುಕೊಂಡೇ ಇರುತ್ತದೆ. ಇನ್ನು ಯಾರು ಎತ್ತಿದರೂ ಅದು ಏರಿಕೆ ಎನಿಸಿಕೊಳ್ಳುವುದಿಲ್ಲ. ಅಲ್ಲಿಂದಾಚೆಗೆ ಎರಡೂ ಸ್ತಬ್ಧ. ಜೊತೆಗೆ ಒಂದು ಕಾರ್ಡ್ ಲೈನನ್ನು ಮೇಲಕ್ಕೆ ಎಳೆಯುವಾಗ ಇನ್ನೊಂದು ಕೆಳಕ್ಕೆ ಎಳೆಯುತ್ತಿರುವ ವಿದ್ಯುತ್ ತಕರಾರೂ ಇರುತ್ತದೆ.

ಆಮೇಲೆ ಬಂದ ಪಿಸಿಐ ಬಸ್ ಬೇರೆ ರೀತಿ. ಅಲ್ಲಿ ಲೈನ್ ಎಷ್ಟು ಹೊತ್ತು ಕೆಳಮಟ್ಟದಲ್ಲಿದೆಯೋ ಅಷ್ಟು ಹೊತ್ತು ಕರೆ ಜೀವಂತ. ಒಬ್ಬರ ಕೆಲಸ ಮುಗಿದ ಮೇಲೂ ಲೈನ್ ಇಳಿದೇ ಇದ್ದರೆ ಇನ್ನೊಬ್ಬರು ಕಾಯುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಹಾಗಾಗಿ ಪಿಸಿಐ ಕಾರ್ಡುಗಳು ಒಂದೇ ಲೈನನ್ನು ಹಂಚಿಕೊಳ್ಳಬಹುದು. ಈ ವ್ಯತ್ಯಾಸ ಮನಸ್ಸಿನಲ್ಲಿ ಗಟ್ಟಿಯಾಗಿ ಇರಲಿ: ಎರಡು ಪಿಸಿಐ ಕಾರ್ಡುಗಳು ಒಂದೇ ಸಂಖ್ಯೆಯಲ್ಲಿ ಕಂಡರೆ ಗಾಬರಿ ಬೇಡ, ಐಎಸ್‌ಎ ಕಾರ್ಡ್ ಯಾರ ಜೊತೆ ಕಂಡರೂ ಅದು ತಿಕ್ಕಾಟವೇ.

ಲೈನುಗಳ ನಕ್ಷೆ

ಹದಿನಾರು ಸಂಖ್ಯೆಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಮೂರು ಗುಂಪು ಮಾಡಿಕೊಳ್ಳುವುದು ಮೇಲು.

ಮುಟ್ಟಬಾರದವು: 0 ಸಿಸ್ಟಮ್ ಟೈಮರ್, 1 ಕೀಬೋರ್ಡ್, 2 ಎರಡನೇ ಕಂಟ್ರೋಲರಿನ ಕೊಂಡಿ, 6 ಫ್ಲಾಪಿ, 8 ರಿಯಲ್ ಟೈಮ್ ಕ್ಲಾಕ್, 13 ಮ್ಯಾಥ್ ಕೋಪ್ರೊಸೆಸರ್, 14 ಮೊದಲ ಐಡಿಇ ಚಾನೆಲ್ (ಹಾರ್ಡ್ ಡಿಸ್ಕ್, ಸೀಡಿ ಡ್ರೈವ್ ಜೋಡಿಸುವ ದಾರಿ).

ಬಿಡಿಸಿಕೊಳ್ಳಬಹುದಾದವು: 3 ಕಾಮ್2 ಮತ್ತು ಕಾಮ್4 (ಕಾಮ್ ಎಂದರೆ ಸೀರಿಯಲ್ ಪೋರ್ಟ್), 4 ಕಾಮ್1 ಮತ್ತು ಕಾಮ್3, 7 ಪ್ರಿಂಟರ್ ಪೋರ್ಟ್, 12 ಪಿಎಸ್/2 ಮೌಸ್, 15 ಎರಡನೇ ಐಡಿಇ ಚಾನೆಲ್. ಆ ಸಾಧನ ನಿಮಗೆ ಬೇಡದಿದ್ದರೆ ಬಯೋಸಿನಲ್ಲಿ (ಯಂತ್ರ ಶುರುವಾಗುವಾಗ ತೆರೆಯಬಹುದಾದ ಬೋರ್ಡಿನದೇ ಸೆಟಪ್) ಅದನ್ನು ಆಫ್ ಮಾಡಿ ಲೈನ್ ಪಡೆಯಬಹುದು.

ಸಾಮಾನ್ಯವಾಗಿ ಖಾಲಿ ಇರುವವು: 5, 9, 10, 11. ಇವುಗಳಲ್ಲಿ 5ನ್ನು ಸೌಂಡ್ ಕಾರ್ಡ್ ತೆಗೆದುಕೊಳ್ಳುವುದು ರೂಢಿ. ಎಸಿಪಿಐ ಇರುವ ಬೋರ್ಡಿನಲ್ಲಿ 9 ಪವರ್ ಮ್ಯಾನೇಜ್‌ಮೆಂಟಿಗೆ ಹೋಗುತ್ತದೆ.

2 ಮತ್ತು 9ರ ವಿಷಯ ಬಹಳ ಜನರನ್ನು ದಿಕ್ಕು ತಪ್ಪಿಸುತ್ತದೆ. ಹಳೆಯ ಎಂಟು ಬಿಟ್ ಕಾರ್ಡಿನ ಮೇಲೆ ಜಂಪರ್ ಪಕ್ಕ 2 ಎಂದು ಅಚ್ಚಾಗಿರುತ್ತದೆ. ಎಟಿಯಿಂದೀಚೆಗಿನ ಎಲ್ಲ ಯಂತ್ರಗಳಲ್ಲಿ ಸ್ಲಾಟಿನ ಆ ಪಿನ್ ಹೋಗುವುದು 9ಕ್ಕೆ. ಆದ್ದರಿಂದ ಜಂಪರ್ 2ರಲ್ಲಿದ್ದರೆ ನಿಮ್ಮ ಪಟ್ಟಿಯಲ್ಲಿ 9 ಎಂದೇ ಬರೆಯಿರಿ. ಸಾಫ್ಟ್‌ವೇರಿಗೆ ಕೂಡ ಮೊದಲು 9 ಎಂದು ಹೇಳಿ ನೋಡಿ. ಕೆಲವು ಹಳೆಯ ಪ್ರೋಗ್ರಾಂಗಳು 2 ಎಂದರೆ ಮಾತ್ರ ಒಪ್ಪುತ್ತವೆ.

ಮೊದಲ ಹಂತ: ಇದು ನಿಜಕ್ಕೂ ಐಆರ್‌ಕ್ಯೂ ಸಮಸ್ಯೆಯೇ?

ಪ್ರತಿ ಕಾರ್ಡಿಗೂ ಐಆರ್‌ಕ್ಯೂ ಜೊತೆಗೆ ಐ/ಓ ವಿಳಾಸ (ಪ್ರೊಸೆಸರ್ ಆ ಕಾರ್ಡಿನ ಜೊತೆ ಮಾತಾಡುವ ಸಂಖ್ಯೆ) ಬೇಕು, ಕೆಲವಕ್ಕೆ ಡಿಎಂಎ ಚಾನೆಲ್ಲೂ (ಪ್ರೊಸೆಸರಿನ ನೆರವಿಲ್ಲದೆ ಮೆಮೊರಿಯ ಜೊತೆ ಡೇಟಾ ಸಾಗಿಸುವ ದಾರಿ) ಬೇಕು. ಯಾವುದು ಢಿಕ್ಕಿ ಹೊಡೆದಿದೆ ಎಂಬುದನ್ನು ಲಕ್ಷಣವೇ ಹೇಳುತ್ತದೆ.

ಕಾರ್ಡ್ ಇದೆ ಎಂದೇ ಡ್ರೈವರಿಗೆ ಗೊತ್ತಾಗದಿದ್ದರೆ, ಅಥವಾ ಕಾರ್ಡ್ ಹಾಕಿದ ಕೂಡಲೇ ಯಂತ್ರ ಬೂಟ್ ಆಗುವುದೇ ನಿಂತರೆ, ಮೊದಲು ಐ/ಓ ವಿಳಾಸದ ಮೇಲೆ ಅನುಮಾನ ಪಡಿ. ಡ್ರೈವರ್ ಕಾರ್ಡನ್ನು ಗುರುತಿಸುತ್ತದೆ, ಆದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಅಥವಾ ಎರಡು ಸಾಧನ ಒಟ್ಟಿಗೆ ಓಡಿದಾಗ ಮಾತ್ರ ತೊಂದರೆ ಎಂದರೆ ಅದು ಐಆರ್‌ಕ್ಯೂ. ಸೌಂಡ್ ಕಾರ್ಡಿನಲ್ಲಿ ಸಂಗೀತ ಬರುತ್ತದೆ, ಆದರೆ ಮಾತು, ಗುಂಡಿನ ಸದ್ದು ಬರುವುದಿಲ್ಲ ಅಥವಾ ಬರೀ ಕರಕರ ಎನ್ನುತ್ತದೆ ಎಂದಾದರೆ ಡಿಎಂಎ ನೋಡಿ. ಮೇಲೆ ಹೇಳಿದ ಅದೇ ತುಣುಕು ಮರುಕಳಿಸುವ ಸದ್ದು ಮಾತ್ರ ಪಕ್ಕಾ ಐಆರ್‌ಕ್ಯೂ: ಡಿಎಂಎ ತನ್ನ ಪಾಡಿಗೆ ಬಫರನ್ನು ಸುತ್ತಿಸುತ್ತಿದೆ, ಹೊಸದನ್ನು ತುಂಬಿಸು ಎನ್ನುವ ಇಂಟರಪ್ಟ್ ತಲುಪುತ್ತಿಲ್ಲ.

ಎರಡನೇ ಹಂತ: ಪಟ್ಟಿ

ಒಂದು ಹಾಳೆ ತೆಗೆದುಕೊಂಡು 0ರಿಂದ 15ರವರೆಗೆ ಸಾಲು ಹಾಕಿ. ಪಕ್ಕದಲ್ಲಿ ಐ/ಓ ವಿಳಾಸಕ್ಕೆ ಒಂದು ಕಂಬ, ಡಿಎಂಎಗೆ ಒಂದು ಕಂಬ. ಏನನ್ನೂ ಬದಲಿಸುವ ಮೊದಲು ಈಗಿರುವ ಸ್ಥಿತಿಯನ್ನು ಪೂರ್ತಿ ತುಂಬಿಸಿ.

ಡಾಸ್ ಯಂತ್ರವಾದರೆ ಎಂಎಸ್‌ಡಿ ಎಂಬ ಪ್ರೋಗ್ರಾಂ ವಿಂಡೋಸ್ 3.1 ಮತ್ತು ಎಂಎಸ್-ಡಾಸ್ 6ರ ಜೊತೆಯೇ ಬರುತ್ತದೆ. ಅದನ್ನು ವಿಂಡೋಸಿನ ಒಳಗಿನಿಂದಲ್ಲದೆ ಬರಿಯ ಡಾಸ್‌ನಿಂದ ಓಡಿಸಿ. ಡ್ರೈವರ್ ಲೋಡ್ ಆಗದ ಕಾರ್ಡ್ ಅದರ ಕಣ್ಣಿಗೆ ಬೀಳದೆ ಹೋಗಬಹುದು, ಹಾಗಾಗಿ ಅದು ಖಾಲಿ ಎಂದದ್ದನ್ನೆಲ್ಲ ಖಾಲಿ ಎಂದು ನಂಬಬೇಡಿ.

ವಿಂಡೋಸ್ 95 ಮತ್ತು 98ರಲ್ಲಿ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಮ್ ತೆರೆದು ಡಿವೈಸ್ ಮ್ಯಾನೇಜರಿಗೆ ಹೋಗಿ. ಮೇಲ್ತುದಿಯಲ್ಲಿರುವ ಕಂಪ್ಯೂಟರ್ ಎಂಬುದನ್ನು ಆರಿಸಿ ಪ್ರಾಪರ್ಟೀಸ್ ಒತ್ತಿದರೆ ಐಆರ್‌ಕ್ಯೂ, ಐ/ಓ, ಡಿಎಂಎ, ಮೆಮೊರಿ ನಾಲ್ಕೂ ಪಟ್ಟಿ ಸಿಗುತ್ತವೆ. ಹಳದಿ ವೃತ್ತದಲ್ಲಿ ಉದ್ಗಾರ ಚಿಹ್ನೆ ಇರುವ ಸಾಧನದಲ್ಲಿ ತೊಂದರೆ ಇದೆ. ಅದರ ಪ್ರಾಪರ್ಟೀಸಿನಲ್ಲಿ ಕೋಡ್ 12 ಎಂದಿದ್ದರೆ ಅದಕ್ಕೆ ಬೇಕಾದ ಲೈನ್ ಅಥವಾ ವಿಳಾಸ ಉಳಿದಿಲ್ಲ ಎಂದರ್ಥ. ವಿಂಡೋಸ್ 98ರ ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ಕಾನ್‌ಫ್ಲಿಕ್ಟ್ಸ್/ಶೇರಿಂಗ್ ಎಂಬ ಪುಟವೂ ಇದೆ. ಅಲ್ಲಿ ಒಂದೇ ಸಂಖ್ಯೆಯಲ್ಲಿ ಒಂದು ಕಾರ್ಡ್ ಮತ್ತು 'ಐಆರ್‌ಕ್ಯೂ ಹೋಲ್ಡರ್ ಫಾರ್ ಪಿಸಿಐ ಸ್ಟಿಯರಿಂಗ್' ಎಂದು ಕಂಡರೆ ಅದು ತಿಕ್ಕಾಟವಲ್ಲ. ಆ ಲೈನನ್ನು ಪಿಸಿಐಗೆಂದು ಕಾದಿರಿಸಿದೆ ಎಂದು ವಿಂಡೋಸ್ ಬರೆದುಕೊಂಡಿರುವ ಗುರುತು ಅದು.

ಲಿನಕ್ಸ್‌ನಲ್ಲಿ ಪ್ರಾಕ್ ಡೈರೆಕ್ಟರಿಯೊಳಗಿನ ಇಂಟರಪ್ಟ್ಸ್ ಫೈಲನ್ನು ಓದಿ. ನನಗೆ ಇದಕ್ಕಿಂತ ಇಷ್ಟವಾದ ಸಾಧನ ಇನ್ನೊಂದಿಲ್ಲ, ಏಕೆಂದರೆ ಪ್ರತಿ ಲೈನಿನ ಪಕ್ಕ ಎಷ್ಟು ಇಂಟರಪ್ಟ್ ಬಂದಿದೆ ಎಂಬ ಎಣಿಕೆ ಅಲ್ಲಿ ಇರುತ್ತದೆ. ಒಮ್ಮೆ ಓದಿ, ಮೌಸ್ ಅಲ್ಲಾಡಿಸಿ, ಮತ್ತೆ ಓದಿ. 12ರ ಎಣಿಕೆ ಏರಿದರೆ ಕರೆ ತಲುಪುತ್ತಿದೆ. ನೆಟ್‌ವರ್ಕ್ ಕಾರ್ಡಿಗೆ ಪಿಂಗ್ ಕಳಿಸುತ್ತಿದ್ದರೂ ಅದರ ಎಣಿಕೆ ಸೊನ್ನೆಯಲ್ಲೇ ಇದ್ದರೆ ಡ್ರೈವರ್ ಕಾಯುತ್ತಿರುವ ಲೈನೇ ಬೇರೆ, ಕಾರ್ಡ್ ಎತ್ತುತ್ತಿರುವ ಲೈನೇ ಬೇರೆ. ಐ/ಓ ವಿಳಾಸಗಳು ಅಲ್ಲೇ ಐಓಪೋರ್ಟ್ಸ್ ಫೈಲಿನಲ್ಲಿವೆ.

ಯಾವ ಪ್ರೋಗ್ರಾಂ ಏನೇ ಹೇಳಲಿ, ಜಂಪರ್ ಇರುವ ಕಾರ್ಡುಗಳ ಮಟ್ಟಿಗೆ ಕೊನೆಯ ಮಾತು ಕಾರ್ಡಿನದೇ. ಯಂತ್ರ ಆಫ್ ಮಾಡಿ, ಪ್ಲಗ್ ಕಿತ್ತು (ಎಟಿಎಕ್ಸ್ ಪವರ್ ಸಪ್ಲೈ ಆಫ್ ಆದಾಗಲೂ ಬೋರ್ಡಿಗೆ 5 ವೋಲ್ಟ್ ಕೊಡುತ್ತಲೇ ಇರುತ್ತದೆ), ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಇಳಿಸಿಕೊಂಡು ಕಾರ್ಡ್ ತೆಗೆಯಿರಿ. ಜಂಪರುಗಳ ಫೋಟೊ ಹಿಡಿದುಕೊಳ್ಳಿ. ಅದರ ಅಂಚಿನ ಕನೆಕ್ಟರ್ ಒಂದೇ ತುಂಡೋ ಎರಡು ತುಂಡೋ ಎಂಬುದನ್ನೂ ನೋಡಿ: ಒಂದೇ ತುಂಡಾದರೆ ಅದು ಎಂಟು ಬಿಟ್ ಕಾರ್ಡ್, 7ಕ್ಕಿಂತ ಮೇಲಿನ ಲೈನುಗಳಲ್ಲಿ 2ರ ಮೂಲಕ ಸಿಗುವ 9 ಬಿಟ್ಟರೆ ಬೇರೆ ಯಾವುದೂ ಅದಕ್ಕೆ ಎಟುಕುವುದಿಲ್ಲ.

ಮೂರನೇ ಹಂತ: ಬಯೋಸಿನಲ್ಲಿ ಲೈನ್ ಬಿಡಿಸಿಕೊಳ್ಳುವುದು

ಇಂಟಿಗ್ರೇಟೆಡ್ ಪೆರಿಫೆರಲ್ಸ್ ಎಂಬ ಪುಟದಲ್ಲಿ ಸೀರಿಯಲ್ ಪೋರ್ಟ್ ಎರಡೂ ಆನ್ ಇರುತ್ತವೆ. ಎರಡನೆಯದಕ್ಕೆ ಏನೂ ಚುಚ್ಚಿಲ್ಲ ಎಂದರೆ ಡಿಸೇಬಲ್ ಮಾಡಿ, 3 ಖಾಲಿಯಾಯಿತು. ಎರಡನೇ ಐಡಿಇಯಲ್ಲಿ ಡ್ರೈವ್ ಇಲ್ಲದಿದ್ದರೆ ಅದನ್ನೂ ಆಫ್ ಮಾಡಿದರೆ 15 ಖಾಲಿ. ಯುಎಸ್‌ಬಿ ಬಳಸದ ಯಂತ್ರದಲ್ಲಿ ಯುಎಸ್‌ಬಿಗೆ ಐಆರ್‌ಕ್ಯೂ ಕೊಡುವ ಆಯ್ಕೆ ತೆಗೆಯಿರಿ. ಬೋರ್ಡಿನಲ್ಲಿ ಪಿಎಸ್/2 ಮೌಸ್ ಪೋರ್ಟ್ ಇದ್ದೂ ಸೀರಿಯಲ್ ಮೌಸ್ ಬಳಸುತ್ತಿದ್ದರೆ ಮೌಸನ್ನೇ ಬದಲಿಸುವುದು ಒಳ್ಳೆಯದು: ಮೌಸ್ 12ಕ್ಕೆ ಹೋಗಿ 4 ಪೂರ್ತಿ ಬಿಡುವಾಗುತ್ತದೆ.

ಪ್ರಿಂಟರ್ ಪೋರ್ಟಿನ 7ರ ಬಗ್ಗೆ ಒಂದು ಮಾತು. ಡಾಸ್ ಮುದ್ರಣಕ್ಕೆ ಇಂಟರಪ್ಟ್ ಬಳಸುವುದಿಲ್ಲ, ಪ್ರಿಂಟರ್ ಖಾಲಿ ಇದೆಯೇ ಎಂದು ತಾನೇ ಮತ್ತೆ ಮತ್ತೆ ಕೇಳುತ್ತದೆ. ಸಾಫ್ಟ್‌ವೇರ್ ಕೇಳಿಕೊಳ್ಳುವವರೆಗೆ ಪೋರ್ಟ್ ಆ ಲೈನನ್ನು ಮುಟ್ಟುವುದೂ ಇಲ್ಲ. ಅದಕ್ಕೇ 7ರಲ್ಲಿ ಇಟ್ಟ ಸೌಂಡ್ ಕಾರ್ಡ್ ಪ್ರಿಂಟರ್ ಜೊತೆ ಎಷ್ಟೋ ಡಾಸ್ ಯಂತ್ರಗಳಲ್ಲಿ ನೆಮ್ಮದಿಯಾಗಿತ್ತು. ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿದಾಗ ಆ ನೆಮ್ಮದಿ ಉಳಿಯುತ್ತದೆ ಎಂದು ಹೇಳಲಾಗದು. ಅಲ್ಲದೆ 7ರಲ್ಲಿ ಇನ್ನೊಂದು ವಿಶೇಷವಿದೆ: ಯಾರೋ ಲೈನ್ ಎತ್ತಿ, ಪ್ರೊಸೆಸರ್ ವಿಚಾರಿಸುವಷ್ಟರಲ್ಲಿ ಇಳಿಸಿಬಿಟ್ಟರೆ ಮೊದಲ 8259 ಅದನ್ನು 7 ಎಂದೇ ವರದಿ ಮಾಡುತ್ತದೆ. ಯಾವ ಸಾಧನವೂ ಇಲ್ಲದ 7ರಲ್ಲಿ ಅಪರೂಪಕ್ಕೆ ಎಣಿಕೆ ಏರುವುದು ಕಂಡರೆ ಇದೇ ಕಾರಣ. ಬೇರೆ ಜಾಗ ಸಿಕ್ಕರೆ ನಾನು 7ರಲ್ಲಿ ಮುಖ್ಯ ಕಾರ್ಡ್ ಇಡುವುದಿಲ್ಲ.

ಬದಲಾವಣೆ ಉಳಿಯಬೇಕಾದರೆ ಬೋರ್ಡಿನ ಬ್ಯಾಟರಿ ಸರಿಯಿರಬೇಕು. ಗಡಿಯಾರ ಪ್ರತಿ ಸಲ ಹಿಂದಕ್ಕೆ ಹೋಗುತ್ತಿದ್ದರೆ ಮೊದಲು ಬ್ಯಾಟರಿ ಬದಲಿಸಿ, ಆಮೇಲೆ ಮುಂದಿನ ಕೆಲಸ. 386, 486 ಕಾಲದ ಬೋರ್ಡಿನಲ್ಲಿ ಬೆಸುಗೆ ಹಾಕಿದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ ಸುತ್ತಲಿನ ತಾಮ್ರದ ದಾರಿಗಳನ್ನು ತಿಂದಿರಬಹುದು. ಹಸಿರು ಪಾಚಿಯಂತೆ ಕಾಣುವುದು ಅದೇ.

ನಾಲ್ಕನೇ ಹಂತ: ಬಿಗಿಯಾದವರಿಗೆ ಮೊದಲು ಜಾಗ

ಇಡೀ ಕೆಲಸದ ತಿರುಳು ಇಲ್ಲಿದೆ, ಆದ್ದರಿಂದ ಒಂದು ಯಂತ್ರವನ್ನೇ ಎದುರಿಗಿಟ್ಟುಕೊಂಡು ನೋಡೋಣ.

ಪೆಂಟಿಯಮ್ ಯಂತ್ರ, ಐಎಸ್‌ಎ ಮತ್ತು ಪಿಸಿಐ ಎರಡೂ ಸ್ಲಾಟ್ ಇವೆ. ಕಾಮ್1ರಲ್ಲಿ ಸೀರಿಯಲ್ ಮೌಸ್, ಅಂದರೆ 4. ಬೋರ್ಡಿನ ಕಾಮ್2 ಆನ್ ಇದೆ, ಏನೂ ಚುಚ್ಚಿಲ್ಲ, 3. ಒಳಗೆ ಐಎಸ್‌ಎ ಮೋಡೆಮ್, ಜಂಪರ್ ಕಾಮ್3ರಲ್ಲಿ, ಅಂದರೆ ಮತ್ತೆ 4. ಎನ್‌ಇ2000 ಮಾದರಿಯ ನೆಟ್‌ವರ್ಕ್ ಕಾರ್ಡ್, ವಿಳಾಸ 300 (ಐ/ಓ ವಿಳಾಸಗಳನ್ನೆಲ್ಲ ಹೆಕ್ಸ್, ಅಂದರೆ ಹದಿನಾರರ ಲೆಕ್ಕದಲ್ಲಿ ಬರೆಯುತ್ತಾರೆ), ಐಆರ್‌ಕ್ಯೂ 3. ಸೌಂಡ್ ಬ್ಲಾಸ್ಟರ್ 16, ವಿಳಾಸ 220, ಐಆರ್‌ಕ್ಯೂ 5, ಡಿಎಂಎ 1 ಮತ್ತು 5, ಮಿಡಿ ಪೋರ್ಟ್ 330ರಲ್ಲಿ. ಪ್ರಿಂಟರ್ 7. ಐಡಿಇ 14 ಮತ್ತು 15. ಪಿಸಿಐ ಸ್ಕಸಿ ಕಾರ್ಡಿಗೆ (ಡಿಸ್ಕ್, ಸ್ಕ್ಯಾನರ್ ಮುಂತಾದವನ್ನು ಜೋಡಿಸುವ ಕಾರ್ಡ್) ಬಯೋಸ್ ಕೊಟ್ಟದ್ದು 10.

ಪಟ್ಟಿಯಲ್ಲಿ ಬರೆದ ಕೂಡಲೇ ಎರಡು ಜಗಳ ಕಣ್ಣಿಗೆ ಬೀಳುತ್ತವೆ: 4ರಲ್ಲಿ ಮೌಸ್ ಮತ್ತು ಮೋಡೆಮ್, 3ರಲ್ಲಿ ಕಾಮ್2 ಮತ್ತು ನೆಟ್‌ವರ್ಕ್.

ಈಗ ಯಾರಿಗೆ ಎಷ್ಟು ಆಯ್ಕೆ ಎಂದು ನೋಡಿ. ಮೋಡೆಮಿಗೆ ಕಾಮ್ ಪೋರ್ಟಿನ ವಿಳಾಸವೂ ಐಆರ್‌ಕ್ಯೂವೂ ಜೋಡಿಯಾಗಿಯೇ ಬರುತ್ತವೆ, ಅದು 3 ಅಥವಾ 4 ಬಿಟ್ಟು ದೂರ ಹೋಗಲಾರದು. ಸೌಂಡ್ ಕಾರ್ಡಿನ ಚಿಪ್ 10ಕ್ಕೂ ಹೋಗಬಲ್ಲದು, ಆದರೆ ಎಷ್ಟೋ ಡಾಸ್ ಆಟಗಳಿಗೆ ಗೊತ್ತಿರುವುದು 5 ಮತ್ತು 7 ಮಾತ್ರ. ನೆಟ್‌ವರ್ಕ್ ಕಾರ್ಡ್ ಹದಿನಾರು ಬಿಟ್‌ನದು, 10, 11, 12, 15 ಯಾವುದಾದರೂ ನಡೆಯುತ್ತದೆ, ಡ್ರೈವರಿಗೆ ಸಂಖ್ಯೆ ಹೇಳಿದರೆ ಸಾಕು. ಪಿಸಿಐ ಕಾರ್ಡಿಗೆ ಯಾವುದಾದರೂ ಸರಿ.

ಆ ಕ್ರಮದಲ್ಲೇ ಹಂಚಿ. ಬಯೋಸಿನಲ್ಲಿ ಕಾಮ್2 ಆಫ್. ಮೋಡೆಮಿನ ಜಂಪರನ್ನು ಕಾಮ್2ಕ್ಕೆ ತಂದರೆ ಅದಕ್ಕೆ ವಿಳಾಸ 2ಎಫ್8, ಐಆರ್‌ಕ್ಯೂ 3. ಸೌಂಡ್ 5ರಲ್ಲೇ ಇರಲಿ. ನೆಟ್‌ವರ್ಕ್ ಕಾರ್ಡ್ 10ಕ್ಕೆ. ಸ್ಕಸಿ ಕಾರ್ಡ್ ಉಳಿದದ್ದನ್ನು, ಅಂದರೆ 9 ಅಥವಾ 11ನ್ನು ತೆಗೆದುಕೊಳ್ಳಲಿ. ಮೌಸ್ 4ರಲ್ಲಿ ಒಂಟಿ. ಮೂರು ಕಡೆ ಕೈ ಹಾಕಿದರೆ ಎಲ್ಲವೂ ಬೇರೆ ಬೇರೆ ಲೈನಿಗೆ ಬಂತು. ಇದನ್ನೇ ತಿರುವುಮುರುವು ಮಾಡಿ ಪಿಸಿಐ ಕಾರ್ಡಿನಿಂದ ಆರಂಭಿಸಿದ್ದರೆ ಕೊನೆಯಲ್ಲಿ ಮೋಡೆಮ್ ಕೈಯಲ್ಲಿ ಹಿಡಿದು ಜಾಗ ಹುಡುಕಬೇಕಾಗುತ್ತಿತ್ತು.

ಐ/ಓ ಕಂಬವನ್ನೂ ಒಮ್ಮೆ ಓದಿ. ಎನ್‌ಇ2000 ಕಾರ್ಡ್ 32 ವಿಳಾಸಗಳನ್ನು ಹಿಡಿಯುತ್ತದೆ: 300ರಲ್ಲಿ ಇಟ್ಟರೆ 31ಎಫ್‌ವರೆಗೆ. ಅದನ್ನು 320ಕ್ಕೆ ಸರಿಸಿದರೆ 33ಎಫ್‌ವರೆಗೆ ಚಾಚಿಕೊಂಡು ನಡುವೆ ಇರುವ 330ರ ಮಿಡಿ ಪೋರ್ಟಿನ ಮೇಲೆ ಬೀಳುತ್ತದೆ. ಆರಂಭದ ಸಂಖ್ಯೆ ಬೇರೆ ಬೇರೆ ಎಂದು ನೋಡಿ ಸಮಾಧಾನ ಪಟ್ಟವರು ಇಲ್ಲಿ ಸಿಕ್ಕಿಬೀಳುತ್ತಾರೆ. ಮೋಡೆಮನ್ನು ಕಾಮ್4ಕ್ಕೆ ಹಾಕುವ ಯೋಚನೆಯಿದ್ದರೆ ಅದರ ವಿಳಾಸ 2ಇ8, ಎಸ್3 ಚಿಪ್ಪಿನ ವಿಡಿಯೊ ಕಾರ್ಡುಗಳ ಜೊತೆ ಅದು ಕೂಡಿಬರುವುದಿಲ್ಲ. ಸೌಂಡ್ ಕಾರ್ಡಿನಲ್ಲೂ ಇನ್ನೊಂದು ಐ/ಓ ಕಾರ್ಡಿನಲ್ಲೂ ಜಾಯ್‌ಸ್ಟಿಕ್ ಪೋರ್ಟ್ ಇದ್ದರೆ ಎರಡೂ 201ಕ್ಕೇ ಕೂರುತ್ತವೆ, ಒಂದನ್ನು ಆಫ್ ಮಾಡಿ. ಡಿಎಂಎಯಲ್ಲಿ ಸಾಮಾನ್ಯ ಜಗಳ 3ರದ್ದು: ಪ್ರಿಂಟರ್ ಪೋರ್ಟನ್ನು ಇಸಿಪಿ ಮೋಡಿಗೆ ಹಾಕಿದಾಗ ಅದು ಸಾಮಾನ್ಯವಾಗಿ 3ನ್ನು ಕೇಳುತ್ತದೆ.

ಐದನೇ ಹಂತ: ಕಾರ್ಡಿಗೆ ಹೇಳಿ, ಬಯೋಸಿಗೂ ಹೇಳಿ

ಜಂಪರ್ ಇದ್ದರೆ ಸುಲಭ, ಸರಿಸಿ ಮುಗಿಸಿ. ಜಂಪರ್ ಇಲ್ಲದ ಐಎಸ್‌ಎ ಕಾರ್ಡುಗಳಿಗೆ ತಯಾರಕರು ಡಾಸ್ ಪ್ರೋಗ್ರಾಂ ಕೊಟ್ಟಿರುತ್ತಾರೆ. 3ಕಾಮ್ ಈಥರ್‌ಲಿಂಕ್ 3ಕ್ಕೆ 3ಸಿ5ಎಕ್ಸ್9ಸಿಎಫ್‌ಜಿ ಎಂಬುದಿದೆ. ಇಂಥವನ್ನು ಡ್ರೈವರ್ ಏನೂ ಲೋಡ್ ಆಗದ ಬೂಟ್ ಫ್ಲಾಪಿಯಿಂದ ಓಡಿಸಿ. ಆ ಕಾರ್ಡಿಗೆ ಪ್ಲಗ್ ಅಂಡ್ ಪ್ಲೇ (ಲೈನು, ವಿಳಾಸ ತಾನಾಗಿಯೇ ಹಂಚಿಕೆಯಾಗುವ ವ್ಯವಸ್ಥೆ) ಆಫ್ ಮಾಡುವ ಅವಕಾಶ ಇದ್ದರೆ ಡಾಸ್ ಯಂತ್ರದಲ್ಲಿ ಆಫ್ ಮಾಡಿಬಿಡಿ. ಪ್ರತಿ ಬೂಟಿಗೂ ಸ್ಥಾನ ಬದಲಿಸದ ಕಾರ್ಡಿನ ಜೊತೆ ಬಾಳುವುದು ಸುಲಭ.

ಅನೇಕರು ಬಿಟ್ಟುಬಿಡುವ ಹೆಜ್ಜೆ ಮುಂದಿನದು. ಜಂಪರ್ ಇರುವ ಕಾರ್ಡ್ ಬಯೋಸಿಗೆ ಕಾಣುವುದೇ ಇಲ್ಲ. ನೀವು ನೆಟ್‌ವರ್ಕ್ ಕಾರ್ಡನ್ನು 10ಕ್ಕೆ ಇಟ್ಟಿರಿ, ಬಯೋಸ್ ಅದನ್ನು ಅರಿಯದೆ ಸ್ಕಸಿ ಕಾರ್ಡಿಗೂ 10ನ್ನೇ ಕೊಡುತ್ತದೆ. ತಪ್ಪಿಸಲು ಪಿಎನ್‌ಪಿ/ಪಿಸಿಐ ಕಾನ್ಫಿಗರೇಶನ್ ಪುಟಕ್ಕೆ ಹೋಗಿ, ಸಂಪನ್ಮೂಲಗಳ ನಿಯಂತ್ರಣವನ್ನು ಆಟೊದಿಂದ ಮ್ಯಾನುಯಲ್‌ಗೆ ಬದಲಿಸಿ, 3, 5, 10ನ್ನು ಲೆಗಸಿ ಐಎಸ್‌ಎ ಎಂದು ಗುರುತಿಸಿ. ಉಳಿದವು ಪಿಸಿಐ/ಐಎಸ್‌ಎ ಪಿಎನ್‌ಪಿ ಎಂದೇ ಇರಲಿ. ಪ್ಲಗ್ ಅಂಡ್ ಪ್ಲೇ ಸೌಂಡ್ ಕಾರ್ಡಿಗೆ ಮಾತ್ರ ಲೈನ್ ಕಾದಿರಿಸಬೇಡಿ. ಕಾದಿರಿಸಿದ ಲೈನನ್ನು ಬಯೋಸ್ ಅದಕ್ಕೂ ಕೊಡುವುದಿಲ್ಲ.

ಅದೇ ಪುಟದಲ್ಲಿ ರಿಸೆಟ್ ಕಾನ್ಫಿಗರೇಶನ್ ಡೇಟಾ ಎಂಬುದಕ್ಕೆ ಒಮ್ಮೆ ಯೆಸ್ ಕೊಟ್ಟು ಸೇವ್ ಮಾಡಿ. ಹಿಂದಿನ ಹಂಚಿಕೆಯ ನೆನಪು ಅಳಿಸಿ ಬಯೋಸ್ ಹೊಸದಾಗಿ ಹಂಚುತ್ತದೆ. ಕಾರ್ಡ್ ಸೇರಿಸಿದಾಗ, ತೆಗೆದಾಗ, ಸ್ಲಾಟ್ ಬದಲಿಸಿದಾಗಲೆಲ್ಲ ಇದನ್ನು ಮಾಡುವುದು ಒಳ್ಳೆಯ ಅಭ್ಯಾಸ. ಪ್ಲಗ್ ಅಂಡ್ ಪ್ಲೇ ಓಎಸ್ ಇನ್‌ಸ್ಟಾಲ್ಡ್ ಎಂಬ ಪ್ರಶ್ನೆಗೆ ಡಾಸ್, ಲಿನಕ್ಸ್, ವಿಂಡೋಸ್ 2000 ಇದ್ದರೆ ನೋ. ವಿಂಡೋಸ್ 95, 98ಕ್ಕೆ ಯೆಸ್ ಎಂಬುದು ರೂಢಿ, ಆದರೆ ತಿಕ್ಕಾಟ ಇರುವ ಯಂತ್ರದಲ್ಲಿ ಅಲ್ಲೂ ನೋ ಇಟ್ಟು ನೋಡಿ. ಆಗ ಎಲ್ಲ ಕಾರ್ಡುಗಳಿಗೂ ಬಯೋಸೇ ಲೈನ್ ಹಂಚುತ್ತದೆ.

ಆರನೇ ಹಂತ: ಪಿಸಿಐಯಲ್ಲಿ ಸ್ಲಾಟೇ ಜಂಪರ್

ಪಿಸಿಐ ಸ್ಲಾಟಿಗೆ ಎ, ಬಿ, ಸಿ, ಡಿ ಎಂಬ ನಾಲ್ಕು ಇಂಟರಪ್ಟ್ ಪಿನ್ ಇವೆ. ಸಾಮಾನ್ಯ ಕಾರ್ಡ್ ಬಳಸುವುದು ಎ ಒಂದನ್ನೇ. ಎಲ್ಲ ಸ್ಲಾಟಿನ ಎ ಒಂದೇ ತಂತಿಗೆ ಸೇರದಿರಲಿ ಎಂದು ಬೋರ್ಡ್ ವಿನ್ಯಾಸಕರು ಪ್ರತಿ ಸ್ಲಾಟಿಗೂ ಒಂದೊಂದು ಹೆಜ್ಜೆ ತಿರುಗಿಸಿ ಜೋಡಿಸಿರುತ್ತಾರೆ. ಅಂದಮೇಲೆ ಕಾರ್ಡಿನ ಐಆರ್‌ಕ್ಯೂ ಬದಲಿಸಲು ಅದನ್ನು ಬೇರೆ ಸ್ಲಾಟಿಗೆ ಹಾಕಿದರಾಯಿತು. ಐದು ಸ್ಲಾಟ್ ಇರುವ ಬೋರ್ಡಿನಲ್ಲಿ ಯಾವುದೋ ಎರಡು ಹಂಚಿಕೊಳ್ಳಲೇಬೇಕು. ವಿಡಿಯೊ ಕಾರ್ಡಿಗೆಂದೇ ಇರುವ ಎಜಿಪಿ ಸ್ಲಾಟ್ ಬಹಳ ಬೋರ್ಡುಗಳಲ್ಲಿ ತನ್ನ ಪಕ್ಕದ ಮೊದಲ ಪಿಸಿಐ ಸ್ಲಾಟಿನ ಜೊತೆ ಹಂಚಿಕೊಳ್ಳುತ್ತದೆ. ಯಾವ ಸ್ಲಾಟ್ ಯಾವುದರ ಜೊತೆ ಎಂಬ ಕೋಷ್ಟಕ ಬೋರ್ಡಿನ ಮ್ಯಾನುಯಲ್‌ನಲ್ಲಿ ಸಾಮಾನ್ಯವಾಗಿ ಸಿಗುತ್ತದೆ.

ಹಂಚಿಕೆ ತಪ್ಪಲ್ಲ ಎಂದೆ, ಆದರೆ ಅದು ನಡೆಯುವುದು ಎರಡೂ ಡ್ರೈವರುಗಳು ಶಿಸ್ತಾಗಿದ್ದರೆ ಮಾತ್ರ. ಕರೆ ತನ್ನದಲ್ಲವೆಂದು ನೋಡಿ ಬೇಗ ಬಿಟ್ಟುಕೊಡದ ಡ್ರೈವರ್ ಇದ್ದರೆ ಸದ್ದು ಮಧ್ಯೆ ಮಧ್ಯೆ ಚಟಚಟ ಎನ್ನುತ್ತದೆ, ವಿಡಿಯೊ ಕ್ಯಾಪ್ಚರ್ ಫ್ರೇಮ್ ಬಿಡುತ್ತದೆ. ಸೌಂಡ್, ಕ್ಯಾಪ್ಚರ್, ಸ್ಕಸಿ ಕಾರ್ಡುಗಳನ್ನು ಎಜಿಪಿ ಪಕ್ಕದ ಸ್ಲಾಟಿನಿಂದ ದೂರ ಇಡಿ. ಆ ಸ್ಲಾಟನ್ನು ಖಾಲಿ ಬಿಡಲು ಸಾಧ್ಯವಾದರೆ ಖಾಲಿಯೇ ಇರಲಿ.

ಏಳನೇ ಹಂತ: ಸಾಫ್ಟ್‌ವೇರಿಗೆ ತಿಳಿಸುವುದು

ಕಾರ್ಡ್ ಒಂದು ಲೈನಿನಲ್ಲಿದ್ದು ಡ್ರೈವರ್ ಇನ್ನೊಂದರಲ್ಲಿ ಕಾಯುತ್ತಿದ್ದರೆ ಮಾಡಿದ್ದೆಲ್ಲ ದಂಡ. ಡಾಸ್‌ನಲ್ಲಿ ಸೌಂಡ್ ಕಾರ್ಡಿಗೆ ಆಟೋಎಕ್ಸೆಕ್ ಫೈಲಿನ ಬ್ಲಾಸ್ಟರ್ ಸಾಲು ಇದೆ: ಎ ಅಕ್ಷರದ ಮುಂದೆ ವಿಳಾಸ 220, ಐ ಮುಂದೆ ಐಆರ್‌ಕ್ಯೂ 5, ಡಿ ಮುಂದೆ ಡಿಎಂಎ 1, ಎಚ್ ಮುಂದೆ ಹದಿನಾರು ಬಿಟ್ ಡಿಎಂಎ 5, ಟಿ ಮುಂದೆ ಕಾರ್ಡಿನ ಬಗೆ, ಸೌಂಡ್ ಬ್ಲಾಸ್ಟರ್ 16ಕ್ಕೆ 6. ಆ ಸಾಲು ಕಾರ್ಡನ್ನು ಬದಲಿಸುವುದಿಲ್ಲ, ಕಾರ್ಡ್ ಎಲ್ಲಿದೆ ಎಂದು ಆಟಗಳಿಗೆ ಹೇಳುತ್ತದೆ. ಪ್ರತಿ ಆಟದ ಸೆಟಪ್ಪಿನಲ್ಲೂ ಹಳೆಯ ಸಂಖ್ಯೆ ಉಳಿದಿರಬಹುದು, ಅಲ್ಲೂ ತಿದ್ದಿ.

ವಿಂಡೋಸ್ 95, 98ರಲ್ಲಿ ಮೊದಲು ಸೇಫ್ ಮೋಡಿನಲ್ಲಿ ಬೂಟ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಎಂದೋ ತೆಗೆದ ಕಾರ್ಡುಗಳು, ಒಂದೇ ಸಾಧನದ ಎರಡೆರಡು ನಮೂದುಗಳು ಅಲ್ಲಿ ಕಾಣುತ್ತವೆ. ಅವನ್ನು ಅಳಿಸಿ. ಆಮೇಲೆ ಸಾಮಾನ್ಯವಾಗಿ ಬೂಟ್ ಮಾಡಿ, ತೊಂದರೆಯ ಸಾಧನದ ರಿಸೋರ್ಸಸ್ ಪುಟದಲ್ಲಿ ಆಟೊಮ್ಯಾಟಿಕ್ ಸೆಟ್ಟಿಂಗ್ಸ್ ಟಿಕ್ ತೆಗೆದು ಸಂಖ್ಯೆ ಬದಲಿಸಿದರೆ ಯಾರ ಜೊತೆ ಢಿಕ್ಕಿ ಎಂಬುದನ್ನು ಕೆಳಗಿನ ಚೌಕ ಆಗಲೇ ತೋರಿಸುತ್ತದೆ. ಆದರೆ ಹೀಗೆ ಕೈಯಿಂದ ಕೂರಿಸಿದ ಸಾಧನವನ್ನು ವಿಂಡೋಸ್ ಮುಂದೆ ಎಂದೂ ಸರಿಸುವುದಿಲ್ಲ. ಎಲ್ಲವನ್ನೂ ಹೀಗೆ ಬಿಗಿದರೆ ಮುಂದಿನ ಕಾರ್ಡಿಗೆ ಜಾಗವೇ ಸಿಗದು. ಜಂಪರ್ ಇರುವವಕ್ಕೆ ಮಾತ್ರ ಮಾಡಿ.

ಎಂಟನೇ ಹಂತ: ಒಟ್ಟಿಗೆ ಓಡಿಸಿ ನೋಡುವುದು

ಒಂದೊಂದೇ ಸಾಧನ ಪರೀಕ್ಷಿಸಿದರೆ ತಿಕ್ಕಾಟ ಬಚ್ಚಿಟ್ಟುಕೊಳ್ಳುತ್ತದೆ. ಪಿಸಿಯ ಸೀರಿಯಲ್ ಪೋರ್ಟ್ ಬಳಕೆಯಲ್ಲಿ ಇಲ್ಲದಾಗ ತನ್ನ ಐಆರ್‌ಕ್ಯೂ ಲೈನನ್ನು ಬಿಟ್ಟುಕೊಟ್ಟಿರುತ್ತದೆ, ಹಾಗಾಗಿ ಕಾಮ್1 ಮತ್ತು ಕಾಮ್3 ಬೇರೆ ಬೇರೆ ಹೊತ್ತಿನಲ್ಲಿ ಚೆನ್ನಾಗಿಯೇ ನಡೆಯುತ್ತವೆ. ನೆಟ್‌ವರ್ಕಿನಿಂದ ದೊಡ್ಡ ಫೈಲ್ ನಕಲಾಗುತ್ತಿರಲಿ, ಸದ್ದು ನುಡಿಯುತ್ತಿರಲಿ, ಮೋಡೆಮ್ ಡಯಲ್ ಮಾಡಲಿ, ನೀವು ಮೌಸ್ ಆಡಿಸುತ್ತಿರಿ. ಫ್ಲಾಪಿಯೊಂದನ್ನೂ ಓದಿಸಿ. ಏನೂ ನಿಲ್ಲದಿದ್ದರೆ ಹಂಚಿಕೆ ಸರಿಯಾಗಿದೆ.

ಇನ್ನೂ ನಿಲ್ಲುತ್ತಿದ್ದರೆ ವಿಡಿಯೊ ಕಾರ್ಡ್ ಬಿಟ್ಟು ಎಲ್ಲ ಕಾರ್ಡ್ ತೆಗೆದು, ಬಿಗಿಯಾದದ್ದರಿಂದ ಆರಂಭಿಸಿ ಒಂದೊಂದನ್ನೇ ಸೇರಿಸುತ್ತ ಪ್ರತಿ ಸಲ ಇದೇ ಪರೀಕ್ಷೆ ಮಾಡಿ. ನಿಧಾನದ ದಾರಿ, ಆದರೆ ಯಾವ ಕಾರ್ಡ್ ಬಂದ ಮೇಲೆ ಕೆಟ್ಟಿತು ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ.

ವಿಂಡೋಸ್ 2000, ಎಕ್ಸ್‌ಪಿ ಮತ್ತು ಆಮೇಲಿನವು

ಈ ಯಂತ್ರಗಳಲ್ಲಿ ಆರೇಳು ಸಾಧನ ಒಂದೇ 9 ಅಥವಾ 11ರಲ್ಲಿ ಕಂಡು ಜನ ಹೆದರುತ್ತಾರೆ. ಎಸಿಪಿಐ ಇರುವಾಗ ಪಿಸಿಐ ಸಾಧನಗಳನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕುವುದು ವಿಂಡೋಸಿನ ಪದ್ಧತಿ, ಡಿವೈಸ್ ಮ್ಯಾನೇಜರಿನಿಂದ ಅದನ್ನು ಬದಲಿಸಲೂ ಬಿಡುವುದಿಲ್ಲ. ಯಂತ್ರ ಸರಿಯಾಗಿ ಓಡುತ್ತಿದ್ದರೆ ಮುಟ್ಟಬೇಡಿ. ತೊಂದರೆ ಇದ್ದರೆ ಬಯೋಸಿನಲ್ಲಿ ಎಪಿಐಸಿ (8259ರ ಜಾಗಕ್ಕೆ ಬಂದ ಹೊಸ ಇಂಟರಪ್ಟ್ ಕಂಟ್ರೋಲರ್) ಮೋಡ್ ಇದೆಯೇ ನೋಡಿ. ಅದು ಆನ್ ಆದರೆ 16ರಿಂದ 23ರವರೆಗಿನ ಲೈನುಗಳು ಹೆಚ್ಚುವರಿಯಾಗಿ ಸಿಗುತ್ತವೆ, ಜಗಳದ ಕಾರಣವೇ ಹೋಗುತ್ತದೆ. ಆದರೆ ಅದನ್ನು ವಿಂಡೋಸ್ ಹಾಕುವ ಮೊದಲೇ ನಿರ್ಧರಿಸಿ. ಆಮೇಲೆ ಬದಲಿಸಿದರೆ ವಿಂಡೋಸ್ ಬೂಟ್ ಆಗದೆ ಹೋಗಬಹುದು. ಲಿನಕ್ಸ್‌ನಲ್ಲಿ 'ಐಆರ್‌ಕ್ಯೂ 11: ನೋಬಡಿ ಕೇರ್ಡ್' ಎಂಬ ಸಂದೇಶ ಬಂದರೆ ಆ ಲೈನಿನಲ್ಲಿ ಯಾರೋ ಕರೆಯುತ್ತಿದ್ದಾರೆ, ಯಾವ ಡ್ರೈವರೂ ತನ್ನದೆನ್ನುತ್ತಿಲ್ಲ. ಮೊದಲು ಕಾರ್ಡಿನ ಸ್ಲಾಟ್ ಬದಲಿಸಿ. ಆಗದಿದ್ದರೆ ಬೂಟ್ ಸಾಲಿನಲ್ಲಿ ಐಆರ್‌ಕ್ಯೂಪೋಲ್ ಅಥವಾ ನೋಎಪಿಐಸಿ ಕೊಟ್ಟು ನೋಡಿ.

ಲೈನೇ ಉಳಿಯದಿದ್ದರೆ

ಎಲ್ಲ ಬಿಡಿಸಿಯೂ ಒಂದು ಕಾರ್ಡ್ ಹೊರಗುಳಿದರೆ ಇಷ್ಟು ದಾರಿಗಳಿವೆ. ಒಳಗಿನ ಮೋಡೆಮ್ ಬದಲು ಹೊರಗಿನದನ್ನು ಬೋರ್ಡಿನ ಕಾಮ್ ಪೋರ್ಟಿಗೇ ಚುಚ್ಚಿ. ಐಎಸ್‌ಎ ನೆಟ್‌ವರ್ಕ್ ಕಾರ್ಡ್ ತೆಗೆದು ಪಿಸಿಐದು ಹಾಕಿದರೆ ಅದು ಹಂಚಿಕೊಂಡು ಬಾಳುತ್ತದೆ. ಸೌಂಡ್ ಕಾರ್ಡ್ ಮಾತ್ರ ಡಾಸ್ ಆಟಗಳಿಗಾಗಿ ಐಎಸ್‌ಎಯದೇ ಇರಲಿ, ಅದರ ಜಾಗಕ್ಕೆ ಬಂದ ಪಿಸಿಐ ಕಾರ್ಡುಗಳಲ್ಲಿ ಹಳೆಯ ಆಟಗಳು ಅದೇ ರೀತಿ ನುಡಿಯುವುದಿಲ್ಲ. ಸೀಡಿ ಡ್ರೈವನ್ನು ಹಾರ್ಡ್ ಡಿಸ್ಕಿನ ಕೇಬಲ್ಲಿಗೇ ಸ್ಲೇವ್ ಆಗಿ ಜೋಡಿಸಿದರೆ ಎರಡನೇ ಐಡಿಇ ಚಾನೆಲ್ ಆಫ್ ಮಾಡಿ 15 ಪಡೆಯಬಹುದು. ಒಂದೇ ಕೇಬಲ್ಲಿನಲ್ಲಿ ಎರಡೂ ಒಟ್ಟಿಗೆ ಕೆಲಸ ಮಾಡುವಾಗ ಸ್ವಲ್ಪ ನಿಧಾನವಾಗುತ್ತದೆ. ಎರಡು ಕಾರ್ಡುಗಳು ಎಂದೂ ಒಟ್ಟಿಗೆ ಬೇಕಾಗುವುದಿಲ್ಲ ಎಂದಿದ್ದರೆ ಡಾಸ್ 6ರ ಬೂಟ್ ಮೆನುವಿನಲ್ಲಿ ಎರಡು ಆಯ್ಕೆ ಮಾಡಿ, ಒಂದರಲ್ಲಿ ಒಂದರ ಡ್ರೈವರ್ ಮಾತ್ರ ಲೋಡ್ ಆಗುವಂತೆ ಬರೆಯಿರಿ. ಸ್ಕ್ಯಾನರಿನಂಥ ಅಪರೂಪದ ಕಾರ್ಡಿಗೆ ಈ ಉಪಾಯ ಚೆನ್ನಾಗಿ ಹೊಂದುತ್ತದೆ, ನೆಟ್‌ವರ್ಕ್ ಕಾರ್ಡಿಗೆ ಅಷ್ಟಾಗಿ ಅಲ್ಲ.